ಮಾಪಾಡಿ ಕಾಕಾರ ತೂಕ

ಕಾಕಾ ತೀರಿಕೊಂಡು ತಿಂಗಳಾಗುತ್ತ ಬಂತು. ಅವರ ಮೇಲೆ ನನಗಿರುವುದು ಸಿಟ್ಟೋ ಮರುಕವೋ ಎಂದು ಇನ್ನೂ ತೀರ್ಮಾನವಾಗಿಲ್ಲ. ಬೆಳಿಗ್ಗೆ ಇಡ್ಲಿ ಹಿಟ್ಟು ಹುಯ್ಯುವಾಗ ‘ಪಾಪ, ದೇವರಂಥ ಮನುಷ್ಯ’ ಅನ್ನಿಸುತ್ತದೆ. ಮಧ್ಯಾಹ್ನ ಪಾತ್ರೆ ತೊಳೆಸುವ ಹೊತ್ತಿಗೆ ‘ಎಂಥಾ ಜನ ಮಾರಾಯ್ರೆ, ಇಷ್ಟೂ ಮಂದಿಯನ್ನು ಕುರಿ ಮಾಡಿ ಹೋದರಲ್ಲ’ ಎಂದು ಮೈಯೆಲ್ಲ ಉರಿಯುತ್ತದೆ. ನಮ್ಮವರಿಗೆ ಹೇಳಿದರೆ, ‘ಸತ್ತವರ ಮೇಲೆ ಸಿಟ್ಟು ಮಾಡಬಾರದು’ ಅನ್ನುತ್ತಾರೆ. ಬದುಕಿದ್ದಾಗ ಮಾಡಲು ಬಿಟ್ಟಿದ್ದರೆ ತಾನೆ!

ಇಲ್ಲಿಯ ಕನ್ನಡ ಸಂಘದವರು ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನಾನು ಪತ್ರೊಡೆ ಮಾಡುವ ಬಗೆ ಬರೆಯೋಣ ಎಂದುಕೊಂಡಿದ್ದೆ. ಕುಳಿತರೆ ಕಾಕಾರೇ ಬಂದು ಎದುರು ಕುಳಿತರು. ಅವರ ಮಗಳು ಪೂಜಾಳನ್ನು ಕೇಳಿದೆ. ‘ಲಿಖೋ ಆಂಟಿ, ಪರ್ ನಾಮ್ ಮತ್ ಲಿಖನಾ’ ಅಂದಳು. ಹಾಗಾಗಿ ಕಾಕಾರ ಹೆಸರು ಬೇಡ. ಹೆಸರಿನಿಂದ ಅವರನ್ನು ಕರೆದವರೂ ಯಾರಿರಲಿಲ್ಲ.

ಠಾಣೆಯ ಹತ್ತಿರದ ಕೋಪರ್‌ಖೈರಣೆಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ನಮ್ಮವರು ಒಲೆಯ ಹತ್ತಿರ, ನಾನು ಬಾಯಿಯ ಹತ್ತಿರ. ಅಂದರೆ ಗಿರಾಕಿಗಳ ಜೊತೆ ಜಗಳಾಡುವ ಕೆಲಸ ನನ್ನದು. ಕಾಕಾ ತುರ್ಭೆ ಮಾರ್ಕೆಟ್ಟಿನ ಈರುಳ್ಳಿ ಗಾಳೆಯಲ್ಲಿ, ಅಂದರೆ ಸಗಟು ಮಳಿಗೆಯಲ್ಲಿ, ಮೂಟೆ ತೂಗುವವರು. ಇಲ್ಲಿ ಅಂಥವರಿಗೆ ಮಾಪಾಡಿ ಅನ್ನುತ್ತಾರೆ. ಊರು ವಿಜಯಪುರದ ಕಡೆಯ ಯಾವುದೋ ಹಳ್ಳಿ. ಹೆಂಡತಿ ಇದ್ದಷ್ಟು ಕಾಲ ಮನೆಯಲ್ಲಿ ಉಣ್ಣುತ್ತಿದ್ದರು. ಆಕೆ ಹೋದ ಮೇಲೆ ಮಧ್ಯಾಹ್ನದ ಊಟ ನಮ್ಮಲ್ಲಿ, ರಾತ್ರಿಯದು ಮಗಳ ಜೊತೆ.

ಮೊದಲ ದಿನವೇ ರೊಟ್ಟಿ ಕೇಳಿದರು. ಕುಂದಾಪುರದ ಕಡೆಯವಳಾದ ನನಗೆ ಜೋಳದ ರೊಟ್ಟಿ ಎಲ್ಲಿಂದ ಬರಬೇಕು? ಹಟಕ್ಕೆ ಬಿದ್ದು ಕಲಿತೆ. ತಟ್ಟಿದ್ದು ಹರಿಯುತ್ತಿತ್ತು, ಹರಿದದ್ದು ಸುಡುತ್ತಿತ್ತು. ಅವರು ಅದನ್ನು ಕೈಯಲ್ಲಿ ಎತ್ತಿ ಹಿಡಿದು ನೋಡಿದರು.

‘ಅಕ್ಕಾರ, ಇದು ರೊಟ್ಟಿ ಏನ್ರಿ, ಮಹಾರಾಷ್ಟ್ರದ ನಕಾಶಾ ಏನ್ರಿ?’

‘ತಿನ್ನುವುದಾದರೆ ತಿನ್ನಿ, ಇಲ್ಲದಿದ್ದರೆ ಅನ್ನ ಉಂಟು.’

‘ಅನ್ನಾ ಉಂಡ್ರ ಹೊಟ್ಟಿ ತುಂಬತೈತ್ರಿ, ಊಟಾ ಆಗಂಗಿಲ್ಲ.’

ಅಂದು ಆ ನಕಾಶೆಯನ್ನೇ ನಾಲ್ಕು ತುಂಡು ಮಾಡಿ, ಒಂದು ಚೂರೂ ಬಿಡದೆ ತಿಂದರು. ತಿಂದ ತಾಟನ್ನು ತಾವೇ ತೊಳೆದಿಟ್ಟರು. ತೊಳೆಯುವ ಹೆಂಗಸು ಇದ್ದಾಳೆ, ಬಿಡಿ ಎಂದು ಎಷ್ಟು ಬಯ್ದರೂ ಕೇಳಲಿಲ್ಲ. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ತಂಬಾಕಿನ ಹಲ್ಲು ಕಾಣಬಾರದೆಂದು. ಆ ತಂಬಾಕು-ಸುಣ್ಣದ ಡಬ್ಬಿಯನ್ನು ನಾನು ಎಷ್ಟು ಸಲ ಶಪಿಸಿಲ್ಲ! ‘ನಾಳಿಂದ ಬಿಡತೀನ್ರಿ’ ಅನ್ನುತ್ತಿದ್ದರು. ಅವರ ನಾಳೆ ಬರಲೇ ಇಲ್ಲ.

ಅವರದೊಂದು ಮಾತಿತ್ತು: ‘ಕಾಟಾ ಸುಳ್ಳ ಹೇಳಂಗಿಲ್ರಿ ಅಕ್ಕಾರ. ಬಾಜೂಕ ನಿಂತಾಂವ ಹೇಳತಾನ.’ ತಕ್ಕಡಿಗೆ ಅವರು ಕಾಟಾ ಅನ್ನುತ್ತಿದ್ದರು. ಯಾವುದೋ ವ್ಯಾಪಾರಿ ಮೂಟೆಯ ಅಂಚಿಗೆ ಕಾಲ ಹೆಬ್ಬೆರಳು ಒತ್ತಿದರೆ ಇವರು ತೂಕ ನಿಲ್ಲಿಸಿ, ಏನೂ ಹೇಳದೆ ಆ ಹೆಬ್ಬೆರಳನ್ನೇ ನೋಡುತ್ತ ನಿಲ್ಲುತ್ತಿದ್ದರಂತೆ. ಇಡೀ ಗಾಳೆ ನಗುತ್ತಿತ್ತು, ವ್ಯಾಪಾರಿ ಕಾಲು ಎಳೆದುಕೊಳ್ಳುತ್ತಿದ್ದ. ಇದನ್ನು ನಮಗೆ ಹೇಳಿದ್ದು ಅವರ ಜೊತೆಯ ಹಮಾಲರು. ಕಾಕಾ ತಮ್ಮ ಬಾಯಿಂದ ಹೇಳಿಕೊಂಡವರಲ್ಲ.

ಹಾಗೆಂದು ಅವರ ಕೈಯೇನು ದೇವರ ಕೈಯಲ್ಲ. ಒಮ್ಮೆ ನಾನು ಕಿರಾಣಿ ಅಂಗಡಿಯಿಂದ ತೊಗರಿಬೇಳೆ ತಂದಿದ್ದೆ. ಚೀಲ ಎತ್ತಿ ನೋಡಿದವರೇ, ‘ಪಾವ್ ಕಿಲೋ ಕಡಿಮಿ ಐತಿ’ ಅಂದರು. ನಾನು ಬಿಡುತ್ತೇನೆಯೇ? ಸೆರಗು ಸಿಕ್ಕಿಸಿಕೊಂಡು ಹೋಗಿ ಅಂಗಡಿಯವನಿಗೆ ಬಾಯಿಗೆ ಬಂದಂತೆ ಬೈದೆ. ತೂಗಿ ನೋಡಿದರೆ ಸರಿಯಾಗಿದೆ! ಕಾಕಾರ ಮುಖ ನೋಡಬೇಕಿತ್ತು. ಅಂಗಡಿಯವನಿಗೆ ಕೈ ಮುಗಿದರು, ಚಹಾ ಕುಡಿಸಿದರು. ಆಮೇಲೆ ಎಷ್ಟೋ ದಿನ ನಮ್ಮಲ್ಲಿ ತಲೆ ತಗ್ಗಿಸಿಕೊಂಡೇ ಉಂಡು ಹೋದರು. ಒಂದು ತಪ್ಪು ತೂಕ ಹೇಳಿದ್ದಕ್ಕೆ ಇಷ್ಟು ನಾಚಿಕೊಂಡ ಮನುಷ್ಯ ಮುಂದೆ ಮಾಡಿದ್ದನ್ನು ನೆನೆದರೆ ನನಗೆ ತಲೆಬುಡ ತಿಳಿಯುವುದಿಲ್ಲ.

ಮೊದಲು ಉಪ್ಪಿನಕಾಯಿ ಬಿಟ್ಟರು. ಆಮೇಲೆ ಚಟ್ನಿ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಒಂದೇ ಕಡೆಯ ದವಡೆಯಲ್ಲಿ ಅಗಿಯತೊಡಗಿದರು. ನಾನು ಬಾಯಿ ತೆರೆಸಿ ನೋಡಿದೆ. ಕೆನ್ನೆಯ ಒಳಗೆ ಬಿಳಿ ಅಂಚಿನ ಹುಣ್ಣು. ಪೂಜಾಳಿಗೆ ಫೋನ್ ಮಾಡಿ, ಇವತ್ತೇ ತೋರಿಸು ಎಂದೆ. ಅವಳು ಬೇಲಾಪುರದ ಒಂದು ಖಾಸಗಿ ಆಫೀಸಿನಲ್ಲಿ ಕೆಲಸ ಮಾಡುವವಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ. ಮಾತು ಕಡಿಮೆ, ಹಟ ಜಾಸ್ತಿ, ಪೂರಾ ಅಪ್ಪನ ಮಗಳು.

ಕ್ಯಾನ್ಸರ್ ಅಂದರು. ಠಾಣೆಯ ಆಸ್ಪತ್ರೆಯಲ್ಲಿ ಕೆನ್ನೆ ಕೊಯ್ದು ತೆಗೆದರು. ಗಾಯ ಮಾಗಿದ ಮೇಲೆ ರೇಡಿಯೇಷನ್, ನಮ್ಮ ಜನ ‘ಕರೆಂಟ್ ಕೊಡುವುದು’ ಅನ್ನುತ್ತಾರಲ್ಲ, ಅದು. ವಾರದಲ್ಲಿ ಐದು ದಿನ. ಪೂಜಾಳಿಗೆ ದಿನಾ ರಜೆ ಸಿಗುವುದಿಲ್ಲ. ಹಾಗಾಗಿ ಕೆಲವು ದಿನ ಅವಳು, ಕೆಲವು ದಿನ ನಾನು. ಠಾಣೆಯವರೆಗೆ ರೈಲು, ಅಲ್ಲಿಂದ ರಿಕ್ಷಾ. ಮಾಜಿವಾಡಾ ನಾಕಾದಲ್ಲಿ ರಿಕ್ಷಾ ಸಿಕ್ಕಿಬಿದ್ದಾಗ ಕಾಕಾ ಕರವಸ್ತ್ರದಲ್ಲಿ ಬಾಯಿ ಒತ್ತಿಕೊಂಡು ಕೂರುತ್ತಿದ್ದರು. ಆಪರೇಷನ್ ಆದ ಮೇಲೆ ಜೊಲ್ಲು ನಿಲ್ಲುತ್ತಿರಲಿಲ್ಲ.

ಶುರುವಾಗುವ ಮೊದಲು ಕನ್ನಡದವರೇ ಆದ ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದ್ದರು. ಮುಖಕ್ಕೆ ಸರಿಯಾಗಿ ಒಂದು ಪ್ಲಾಸ್ಟಿಕ್ ಜಾಲರಿಯ ಮಾಸ್ಕ್ ಎರಕ ಹೊಯ್ದಿರುತ್ತಾರೆ. ಅದನ್ನು ತೊಡಿಸಿ ಮೇಜಿಗೆ ಬಿಗಿದ ಮೇಲೆಯೇ ಕರೆಂಟು. ತೂಕ ಇಳಿದರೆ ಮುಖ ಇಳಿಯುತ್ತದೆ, ಮಾಸ್ಕ್ ಸಡಿಲವಾಗುತ್ತದೆ, ಕರೆಂಟು ಬೀಳಬೇಕಾದಲ್ಲಿ ಬೀಳುವುದಿಲ್ಲ. ಆಗ ನಿಲ್ಲಿಸಿ ಎಲ್ಲ ಹೊಸದಾಗಿ ಅಳತೆ ಮಾಡಬೇಕು. ನಡುವೆ ನಿಲ್ಲುವುದು ಒಳ್ಳೆಯದಲ್ಲ. ‘ಬಾಯಿ ಉರೀತದೆ, ರುಚಿ ಹೋಗ್ತದೆ, ನುಂಗಕ್ಕೆ ಆಗಲ್ಲ. ಆದ್ರೂ ತಿನ್ನಲೇಬೇಕು. ಆಗದೇ ಇದ್ರೆ ಮೂಗಿನಿಂದ ಹೊಟ್ಟೆಗೆ ನಳಿ ಹಾಕ್ತೀವಿ, ಹೆದರಬೇಡಿ’ ಅಂದರು. ಕಾಕಾ ಎಲ್ಲಕ್ಕೂ ತಲೆಯಾಡಿಸಿದರು. ನಳಿ ಎಂದಾಗ ಮಾತ್ರ ಮಗಳ ಕಡೆ ನೋಡಿದರು.

ಸರಿ, ತಿನ್ನಿಸಬೇಕು. ಆದರೆ ಏನನ್ನು? ಹೇಳುವವರ ಬಾಯಿಗೇನು ಬಾಡಿಗೆಯೇ! ಒಬ್ಬರು ಸಕ್ಕರೆ ಕೊಡಬೇಡಿ, ಕ್ಯಾನ್ಸರಿಗೆ ಅದೇ ಮೇವು ಅಂದರು. ಇನ್ನೊಬ್ಬರು ಹಾಲು ಬೇಡ, ಕಫ ಅಂದರು. ಮೂರನೆಯವರು ಗೋಧಿ ಹುಲ್ಲಿನ ರಸವೊಂದೇ ಸಾಕು ಎಂದು ಫೋನಿಗೆ ವಿಡಿಯೋ ಕಳಿಸಿದರು. ಹುಲ್ಲು ತಿಂದು ಬದುಕಲು ಕಾಕಾ ಏನು ದನವಾ ಎಂದು ಕೇಳಿದೆ, ಅವರಿಗೆ ಬೇಜಾರಾಯಿತು. ಕೇಳಿ ಕೇಳಿ ನನಗೇ ಅಡುಗೆಮನೆಗೆ ಹೋದರೆ ಯಾವ ಡಬ್ಬಿ ತೆರೆಯಬೇಕೆಂದು ಗೊತ್ತಾಗದ ಸ್ಥಿತಿ ಬಂತು. ಹುಟ್ಟಿದಾರಭ್ಯ ಅಡುಗೆ ಮಾಡಿದವಳು ನಾನು!

ಕೊನೆಗೆ ನಮ್ಮ ಊರ ಬುದ್ಧಿ ಓಡಿಸಿದೆ. ನಮ್ಮಲ್ಲಿ ಹಾಸಿಗೆ ಹಿಡಿದವರಿಗೆ ಗಂಜಿ ತಿಳಿ. ಕುಚ್ಚಲಕ್ಕಿ ಬೇಯಿಸಿ, ಸೋಸಿ, ಮೇಲಿನ ತಿಳಿಗೆ ಉಪ್ಪು ಹಾಕಿ ಕುಡಿಸಿದರೆ ಸತ್ತವರೂ ಎದ್ದು ಕೂರುತ್ತಾರೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆಸ್ಪತ್ರೆಯ ಡಯೆಟಿಶಿಯನ್ ಒಬ್ಬಳು ಮರಾಠಿ ಹುಡುಗಿ. ಅವಳ ಮುಂದೆ ಹೆಮ್ಮೆಯಿಂದ ಫ್ಲಾಸ್ಕ್ ತೆರೆದೆ. ಅವಳು ನೋಡಿ, ‘ಮಾವಶಿ, ಇದು ನೀರು. ಅನ್ನ ನಿಮ್ಮ ಪಾತ್ರೆಯಲ್ಲೇ ಉಳಿದಿದೆ. ಅದನ್ನು ಅರೆದು, ತುಪ್ಪ, ಹಾಲಿನ ಪುಡಿ, ಶೇಂಗಾ ಹಿಟ್ಟು ಹಾಕಿ ಕೊಡಿ’ ಎಂದು ಮರಾಠಿಯಲ್ಲಿ ಹೇಳಿದಳು. ಅಜ್ಜಿಯನ್ನು ನಂಬಬೇಕೋ ಈ ಹುಡುಗಿಯನ್ನೋ ಎಂದು ರೈಲಿನಲ್ಲೆಲ್ಲ ಯೋಚಿಸಿದೆ. ಅಜ್ಜಿ ಕ್ಯಾನ್ಸರ್ ನೋಡಿರಲಿಲ್ಲವಲ್ಲ. ಮರುದಿನದಿಂದ ಅನ್ನವನ್ನೇ ನುಣ್ಣಗೆ ಅರೆದು ತುಪ್ಪ ಸುರಿದು ಡಬ್ಬಿ ಕಳಿಸಿದೆ. ಒಂದು ದಿನ ಬೇಳೆ, ಒಂದು ದಿನ ಬಾಳೆಹಣ್ಣು-ಹಾಲು, ಒಂದು ದಿನ ಅವರ ಕಡೆಯ ಜೋಳದ ನುಚ್ಚು.

ಡಬ್ಬಿ ಖಾಲಿಯಾಗಿ, ತೊಳೆದು, ಒರೆಸಿ ವಾಪಸು ಬರುತ್ತಿತ್ತು. ‘ಸಬ್ ಖಾ ಲಿಯಾ ಪಪ್ಪಾನೇ’ ಎನ್ನುತ್ತಿದ್ದಳು ಪೂಜಾ, ಎಲ್ಲ ತಿಂದರು ಎಂದು. ಅವರು ಉಣ್ಣುವುದನ್ನು ಯಾರೂ ನೋಡುತ್ತಿರಲಿಲ್ಲ. ಜೊಲ್ಲು ಸುರಿಯುತ್ತದೆ, ನಾಚಿಕೆಯಾಗುತ್ತದೆ ಎಂದು ಕೋಣೆಯ ಮೂಲೆಯಲ್ಲಿ, ಪಾತ್ರೆ ತೊಳೆಯುವ ಮೋರಿಯ ಪಕ್ಕ ಒಂದು ಪರದೆ ಕಟ್ಟಿಸಿಕೊಂಡಿದ್ದರು. ಅದರ ಹಿಂದೆ ಕುಳಿತು ಉಂಡು, ಕೈತೊಳೆದು ಹೊರಗೆ ಬರುತ್ತಿದ್ದರು.

ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ತೂಗುತ್ತಿದ್ದರು. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ. ಡಯೆಟಿಶಿಯನ್ ಹುಡುಗಿ ‘ಶಾಬ್ಬಾಸ್ ಕಾಕಾ’ ಎಂದು ಬೆನ್ನು ತಟ್ಟುತ್ತಿದ್ದಳು. ಅವಳು ನೋಡುತ್ತಿದ್ದದ್ದು ಕಾಟಾ, ನಾನು ನೋಡುತ್ತಿದ್ದದ್ದು ಕತ್ತು. ಕತ್ತಿನ ಎಲುಬು ದಿನದಿನಕ್ಕೂ ಎದ್ದು ಬರುತ್ತಿತ್ತು, ಕಣ್ಣು ಒಳಗೆ ಹೋಗಿತ್ತು. ಆದರೆ ತೂಕ ಇಳಿದಿಲ್ಲ! ಇದೆಂಥ ಮಾಯೆ? ನನ್ನ ಕಣ್ಣಿಗೇ ಏನಾದರೂ ಬಂತೇ? ‘ಕಾಕಾ, ನೀವು ಸೊರಗಿದ ಹಾಗೆ ಕಾಣ್ತೀರಿ’ ಅಂದರೆ ಒಡಕು ದನಿಯಲ್ಲಿ ಅದೇ ಹಳೆಯ ಮಾತು: ‘ಕಾಟಾ ಸುಳ್ಳ ಹೇಳಂಗಿಲ್ರಿ.’ ಸುಡುವ ಬಿಸಿಲಿನಲ್ಲೂ ತೋಳಿಲ್ಲದ ಒಳಬಂಡಿಯ ಮೇಲೆ ಅಂಗಿ, ಅಂಗಿಯ ಮೇಲೆ ಇನ್ನೊಂದು ಅಂಗಿ. ಚಳಿಯಾಗುತ್ತದೆ ಎನ್ನುತ್ತಿದ್ದರು. ಕಾಯಿಲೆಯವರಿಗೆ ಚಳಿ ಸಹಜ ಎಂದುಕೊಂಡೆ.

ಅದೊಂದು ದಿನ ನಾನೂ ಪೂಜಾಳೂ ಇಬ್ಬರೂ ಹೋಗಿದ್ದೆವು. ಕರೆಂಟಿನ ಕೋಣೆಯಿಂದ ಟೆಕ್ನಿಷಿಯನ್ ಹೊರಗೆ ಬಂದು, ‘ಮಾಸ್ಕ್ ಢಿಲಾ ಪಡತಾ ಹೈ, ಆಜ್ ನಹೀಂ ಹೋಗಾ’ ಅಂದ. ಮಾಸ್ಕ್ ಸಡಿಲವಾಗಿದೆ, ಇವತ್ತು ಆಗುವುದಿಲ್ಲ. ಡಾಕ್ಟರು ಬಂದರು, ತೂಕದ ಅಂಕಿ ನೋಡಿದರು, ಕಾಕಾರ ಮುಖ ನೋಡಿದರು. ಮತ್ತೆ ತೂಗಿ ಅಂದರು. ಈ ಸಲ ಅಂಗಿ ಬಂಡಿ ಎಲ್ಲ ತೆಗೆದು.

ಕಾಕಾ ಬಂಡಿಗೆ ಕೈ ಹಾಕಲೇ ಇಲ್ಲ. ಸಿಸ್ಟರ್ ತಾನೇ ಬಿಚ್ಚಲು ಹೋದಳು. ಒಳಜೇಬು ಹರಿದು ಕಬ್ಬಿಣದ ತೂಕದ ಕಲ್ಲುಗಳು ನೆಲಕ್ಕೆ ಬಿದ್ದವು. ಮಾರ್ಕೆಟ್ಟಿನಲ್ಲಿ ಈಗ ಎಲ್ಲ ಎಲೆಕ್ಟ್ರಾನಿಕ್. ಬೇಡವಾದ ಹಳೆಯ ಕಲ್ಲುಗಳು ಅವು. ಆಮೇಲೆ ತಿಳಿಯಿತು, ಪ್ರತಿ ವಾರ ಅದೇ ಬೇಳೆ ಅಂಗಡಿಯ ಮೂಟೆ ತೂಗುವ ಕಾಟಾದ ಮೇಲೆ ನಿಂತು ಎಷ್ಟು ಇಳಿದಿದ್ದೇನೆ ಎಂದು ನೋಡಿಕೊಂಡು, ಇಳಿದಷ್ಟೇ ಕಬ್ಬಿಣ ಏರಿಸಿಕೊಂಡು ಬರುತ್ತಿದ್ದರು. ಡಬ್ಬಿಯ ಊಟ ಪರದೆಯ ಹಿಂದಿನ ಮೋರಿಯಲ್ಲಿ ಹರಿದು ಹೋಗುತ್ತಿತ್ತು. ಗುಟುಕು ನೀರು ಇಳಿಸುವುದೇ ಕಷ್ಟವಾಗುವಷ್ಟು ಗಂಟಲು ಸುಟ್ಟಿತ್ತು ಅವರದು.

ಹೆಬ್ಬೆರಳು ಒತ್ತಿದವನನ್ನು ನಾಚಿಸಿದವರು ಇವರೇ ತಾನೆ? ನನ್ನ ತುಪ್ಪ, ನನ್ನ ಅರೆದ ಅನ್ನ, ಎಲ್ಲ ಗಟಾರಕ್ಕೆ! ಹೊಡೆಯಬೇಕು ಅನ್ನಿಸಿತು, ಹೊಡೆಯಲು ಮೈಯಲ್ಲಿ ಜಾಗವೇ ಇರಲಿಲ್ಲ. ಪಕ್ಕೆಲುಬು ಎಣಿಸಬಹುದಿತ್ತು. ಪೂಜಾ ಗೋಡೆಗೆ ಒರಗಿ ನಿಂತು, ‘ಕ್ಯೂಂ ಪಪ್ಪಾ, ಕ್ಯೂಂ?’ ಎನ್ನುತ್ತಲೇ ಇದ್ದಳು, ಯಾಕೆ ಯಾಕೆ ಎಂದು.

ಡಾಕ್ಟರು ಬೈಯಲಿಲ್ಲ. ನಳಿಗೆ ಹೆದರಿದಿರಾ ಎಂದು ಕೇಳಿದರು. ಕಾಕಾ ಅಡ್ಡಡ್ಡ ತಲೆಯಾಡಿಸಿ, ಮಗಳ ಕಡೆ ಬೆರಳು ತೋರಿಸಿದರು. ‘ಮೊದಲ ಇಕಿನ್ನ ತೂಗ್ರಿ’ ಅಂದರು.

ಯಾರಿಗೂ ಅರ್ಥವಾಗಲಿಲ್ಲ. ಡಯೆಟಿಶಿಯನ್ ಹುಡುಗಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕಾಕಾ ಜೊಲ್ಲು ಒರೆಸಿಕೊಂಡು, ಒಂದೊಂದೇ ಮಾತು ಕೂಡಿಸಿ ನನಗೆ ಹೇಳಿದರು, ನಾನು ಅದನ್ನು ಆ ಹುಡುಗಿಗೆ ಮರಾಠಿಯಲ್ಲಿ ಹೇಳಿದೆ. ಅವರ ಮನೆಯಲ್ಲಿ ಹಿರಿಯರು ಉಣ್ಣದೆ ಕಿರಿಯರು ತಾಟಿಗೆ ಕೈ ಹಾಕುವುದಿಲ್ಲ. ಹೆಂಡತಿ ಹೋದ ಮೇಲೆ ಅಪ್ಪ-ಮಗಳು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು; ಮೊದಲ ತುತ್ತು ಅಪ್ಪನದು. ಆಪರೇಷನ್ನಿನ ನಂತರ ಅವರಿಗೆ ಉಣ್ಣಲಾಗದ ದಿನಗಳಲ್ಲಿ ಇವಳೂ ಉಪವಾಸ. ಕೇಳಿದರೆ ಆಫೀಸಿನಲ್ಲಿ ತಿಂದೆ ಅನ್ನುತ್ತಿದ್ದಳು. ಬೈದರೂ ಇಲ್ಲ, ಆಣೆ ಹಾಕಿದರೂ ಇಲ್ಲ. ಅದಕ್ಕೇ ಪರದೆ. ಪರದೆಯಿಂದ ಹೊರಗೆ ಬಂದು, ‘ನಂದು ಉಂಡಾತು, ನೀ ಉಣ್ಣು’ ಅಂದರೆ ಅವಳು ನಾಲ್ಕು ತುತ್ತು ತಿನ್ನುತ್ತಿದ್ದಳು. ತೂಕ ಇಳಿದರೆ ಅಪ್ಪ ಉಂಡಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. ‘ನಳ್ಯಾಗ ಹಾಕಿದ್ದು ಊಟಾ ಅಂತ ಇಕಿ ಒಪ್ಪಂಗಿಲ್ರಿ’ ಅಂದರು ಕಾಕಾ.

ಪೂಜಾಳನ್ನು ಕಾಟಾ ಹತ್ತಿಸಿದರು. ಬೇಡ ಬೇಡ ಎನ್ನುತ್ತಲೇ ಹತ್ತಿದಳು. ಡಯೆಟಿಶಿಯನ್ ಹುಡುಗಿ ಅಂಕಿಯನ್ನು ಇನ್ನೊಮ್ಮೆ ನೋಡಿ ಬರೆದುಕೊಂಡಳು. ಅಷ್ಟು ದಿನ ನಾನು ಅಪ್ಪನ ಕತ್ತು ನೋಡುವುದರಲ್ಲೇ ಇದ್ದೆ, ಮಗಳ ಚೂಡಿದಾರ ಕೋಲಿಗೆ ತೊಡಿಸಿದ ಹಾಗೆ ನೇತಾಡುತ್ತಿರುವುದನ್ನು ಆಗಲೇ ನೋಡಿದ್ದು.

ಆದರೂ ಒಂದು ಮಾತು ಹೇಳಬೇಕು. ಅವರು ಹೇಳಿದ್ದೆಲ್ಲ ನಿಜವೇ? ಗೊತ್ತಿಲ್ಲ. ಆಸ್ಪತ್ರೆಯ ಹೊರಗೆ ನಳಿ ಹಾಕಿಸಿಕೊಂಡು ಕುಳಿತ ರೋಗಿಗಳನ್ನು ಕಂಡರೆ ಕಾಕಾ ಮುಖ ತಿರುಗಿಸಿಕೊಳ್ಳುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಹೆದರಿಕೆಯೂ ಇತ್ತೇನೋ. ಸಿಕ್ಕಿಬಿದ್ದ ನಾಚಿಕೆಯಲ್ಲಿ ಎಲ್ಲರ ಕಣ್ಣನ್ನು ಮಗಳ ಕಡೆ ತಿರುಗಿಸಿದರೇನೋ. ಒಮ್ಮೊಮ್ಮೆ ಹಾಗನ್ನಿಸುತ್ತದೆ, ಮರುಕ್ಷಣ, ಛೆ, ಎಂಥಾ ಯೋಚನೆ ನನ್ನದು ಎಂದು ಕೆನ್ನೆಗೆ ಬಡಿದುಕೊಳ್ಳುತ್ತೇನೆ.

ನಳಿ ಹಾಕಿದರು. ಹೊಸ ಮಾಸ್ಕ್ ಮಾಡಿ, ಹೊಸ ಲೆಕ್ಕ ಹಾಕಿ ಮತ್ತೆ ಕರೆಂಟು ಶುರುವಾಗುವ ಹೊತ್ತಿಗೆ ಕೆಲವು ದಿನ ದಂಡವಾದವು. ಡಯೆಟಿಶಿಯನ್ ಹುಡುಗಿ ಪೂಜಾಳನ್ನು ಬೇರೆ ಕೂರಿಸಿಕೊಂಡು ಏನು ಹೇಳಿದಳೋ, ಅಪ್ಪನಿಗೆ ನಳಿಯಲ್ಲಿ ಹಾಲು ಹೊಯ್ದು ಮುಗಿಸಿ ಎದುರೇ ಕುಳಿತು ಉಣ್ಣುವುದಕ್ಕೆ ಅವಳು ಒಪ್ಪಿದಳು. ಹೊಯ್ಯುವಾಗ ಕಾಕಾ ಬೆನ್ನು ನೆಟ್ಟಗೆ ಮಾಡಿ, ಚಕ್ಕಳಮಕ್ಕಳ ಹಾಕಿ, ಪಂಕ್ತಿಗೆ ಕುಳಿತವರಂತೆ ಕೂರುತ್ತಿದ್ದರು. ಮುಗಿದ ಮೇಲೆ ಮಗಳಿಗೆ ಕೈಸನ್ನೆ: ಹೂಂ, ಉಣ್ಣು. ತೂಕ ಸ್ವಲ್ಪ ಏರಿತು. ಈ ಸಲ ಏರಿದ್ದು ಬರೀ ಮೈಯ ತೂಕ.

ಎಲ್ಲ ಮುಗಿದು, ನಳಿ ತೆಗೆದ ಮೇಲೆ ಒಂದು ಮಧ್ಯಾಹ್ನ ಖಾನಾವಳಿಗೆ ಬಂದರು. ಹಾಲು-ನುಚ್ಚು ಕೊಟ್ಟೆ. ತಿಂದರು.

‘ಹ್ಯಾಂಗೈತಿ ಕಾಕಾ?’ ಎಂದು ಅವರ ಭಾಷೆಯಲ್ಲೇ ಕೇಳಿದೆ.

‘ಮಣ್ಣ ತಿಂದಂಗ ಆಗತೈತ್ರಿ. ಖರೇ ಹೇಳಿದೆ ನೋಡ್ರಿ ಈ ಸಲ!’ ಎಂದು ನಕ್ಕರು. ಅಂಗೈ ಅಡ್ಡ ಹಿಡಿಯಲು ಮರೆತಿದ್ದರು. ನನಗೆ ನಗುವೂ ಬಂತು, ಅಳುವೂ ಬಂತು.

ಒಂದಷ್ಟು ತಿಂಗಳು ಚೆನ್ನಾಗಿದ್ದರು. ಆಮೇಲೆ ಕತ್ತಿನಲ್ಲಿ ಗಂಟು ಬಂತು. ಈ ಸಲ ಏನೂ ಮಾಡಲಾಗಲಿಲ್ಲ. ನಡುವೆ ನಿಂತುಹೋದ ಆ ಕೆಲವು ದಿನಗಳಿಂದಲೇ ಹೀಗಾಯಿತೇ ಎಂದು ನಾನು ಡಾಕ್ಟರನ್ನು ಕೇಳಿದೆ. ‘ಹೇಳಕ್ಕಾಗಲ್ಲ. ಸರಿಯಾಗಿ ನಡೆದವರಲ್ಲೂ ವಾಪಸ್ ಬರ್ತದೆ’ ಅಂದರು. ಹೌದು ಅಂದಿದ್ದರೆ ಕಾಕಾರ ಮೇಲೆ ಪೂರ್ತಿ ಸಿಟ್ಟಾಗಬಹುದಿತ್ತು. ಅಲ್ಲ ಅಂದಿದ್ದರೆ ಪೂರ್ತಿ ಕ್ಷಮಿಸಬಹುದಿತ್ತು. ಎರಡೂ ಇಲ್ಲದೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೇನೆ. ಪೂಜಾ ಆ ಪ್ರಶ್ನೆಯನ್ನು ಯಾರನ್ನೂ ಕೇಳಲಿಲ್ಲ. ಒಳಗೊಳಗೇ ಕೇಳಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತು.

ಮಣ್ಣು ಮಾಡಿ ಬಂದ ದಿನ ಅವರ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ನಾನು ಅನ್ನ, ತಿಳಿಸಾರು ಮಾಡಿಸಿಕೊಂಡು ಹೋದೆ. ಹಮಾಲರ ಮನೆಯ ಹೆಂಗಸರು ತುಂಬಿದ್ದರು. ಪೂಜಾಳ ಮುಂದೆ ತಾಟು ಇಟ್ಟರು, ಬಡಿಸಿದರು. ಅವಳು ಕೈ ಹಾಕಲಿಲ್ಲ. ‘ಉಣ್ಣವ್ವಾ, ಎರಡ ತುತ್ತ ಉಣ್ಣು, ನಿಮ್ಮಪ್ಪನ ಜೀವಕ್ಕ ಸಮಾಧಾನ ಆಗತೈತಿ’ ಎಂದು ಒಬ್ಬೊಬ್ಬರಾಗಿ ಹೇಳಿದರು. ಹಟ ಮಾಡುವಂತೆಯೂ ಇರಲಿಲ್ಲ ಅವಳು, ಅಳುತ್ತಲೂ ಇರಲಿಲ್ಲ. ತಾಟು ನೋಡುತ್ತ ಸುಮ್ಮನೆ ಕಾಯುತ್ತಿದ್ದಳು, ಅಷ್ಟೇ. ಸಾರು ಆರಿತು. ಯಾರಿಗಾಗಿ ಕಾಯುತ್ತಿದ್ದಾಳೆ ಎಂದು ಆಗ ನನಗೆ ಹೊಳೆಯಿತು.

ನಮ್ಮ ಕಡೆ ಹೆಣದ ಜೊತೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಏನನ್ನೂ ಬಾಯಿಗೆ ಇಡುವುದಿಲ್ಲ. ನಾನೂ ಹೋಗಿ ಬಂದಿದ್ದೆ, ಸ್ನಾನವಾಗಿರಲಿಲ್ಲ. ನಮ್ಮವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೋಡಲಿ ಎಂದುಕೊಂಡು ಅವಳ ಎದುರು ಕುಳಿತೆ. ಅವಳ ತಾಟಿನಿಂದಲೇ ಒಂದು ತುತ್ತು ಕಲಸಿ ಬಾಯಿಗಿಟ್ಟೆ. ಒತ್ತಿ ನುಂಗಿದೆ, ಅವಳಿಗೆ ಕಾಣುವ ಹಾಗೆ.

‘ನಂದು ಉಂಡಾಯ್ತು ಮಗಾ, ಇನ್ನು ನೀನು ಉಣ್ಣು’ ಅಂದೆ.

ಅವಳು ನನ್ನ ಗಂಟಲನ್ನೇ ನೋಡಿದಳು. ಇನ್ನೊಂದು ತುತ್ತು ತಿಂದು ತೋರಿಸಿದೆ. ಆಮೇಲೆ ಉಂಡಳು.